ಆಗಬೋಟು

ಕಾಳಿ ನಮ್ಮ ಹೊಳೆ. ಜೋಯಿಡಾದ ಕಾಡಿನಲ್ಲಿ ಹುಟ್ಟುತ್ತದೆ. ದಾಂಡೇಲಿಯ ಪಕ್ಕ ಹರಿಯುತ್ತದೆ. ಕಾರವಾರದ ಬಳಿ ಸಮುದ್ರ ಸೇರುತ್ತದೆ.

ನಮ್ಮ ಕಡೆ ಹೊಳೆಯಲ್ಲಿ ಬಂಡೆಗಳು ಬಹಳ. ದೊಡ್ಡ ದೋಣಿ ಓಡುವುದಿಲ್ಲ. ಕಾರವಾರದಲ್ಲಿ ಹೊಳೆ ಅಗಲ. ಅಲ್ಲಿ ಜನ ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯಲ್ಲಿ ದಾಟುತ್ತಿದ್ದರು. ತಾರಿ ಅಂದರೆ ಹೊಳೆ ದಾಟಿಸುವ ದೋಣಿ. 1980ರ ದಶಕದಲ್ಲಿ ಅಲ್ಲಿ ಸೇತುವೆ ಆಯಿತು.

ಹಿಂದೆ ದೋಣಿಗೆ ಹುಟ್ಟು ಬೇಕಿತ್ತು. ಇಲ್ಲವೇ ಗಾಳಿ ಬೇಕಿತ್ತು. ಆಮೇಲೆ ಬೆಂಕಿಯಿಂದ ಓಡುವ ದೋಣಿ ಬಂತು. 1823ರಲ್ಲಿ ಕಲಕತ್ತೆಯ ಹೂಗ್ಲಿ ಹೊಳೆಗೆ ‘ಡಯಾನಾ’ ಎಂಬ ಉಗಿದೋಣಿ ಇಳಿಯಿತು. ಅದಕ್ಕೆ ಚಕ್ರಗಳಿದ್ದವು. ಮುಂದೆ ಮುಂಬಯಿಯಿಂದ ಕಾರವಾರಕ್ಕೂ ಉಗಿಹಡಗು ಬರತೊಡಗಿತು. ಇಂಥ ಹಡಗಿಗೆ ಜನ ‘ಆಗಬೋಟು’ ಅಂದರು. ಆಗ್ ಅಂದರೆ ಬೆಂಕಿ.

ಬೆಂಕಿ ದೋಣಿಯನ್ನು ಹೇಗೆ ಓಡಿಸ್ತದೆ ಅಂತೀರಾ? ನಮ್ಮ ಒಲೆಯನ್ನೇ ನೋಡೋಣ. ಅನ್ನ ಕುದಿಯುವಾಗ ಮುಚ್ಚಳ ಕುಣಿಯುತ್ತದೆ. ಅದನ್ನು ಎತ್ತುವುದು ಉಗಿ. ದೋಣಿಯಲ್ಲಿ ಉಗಿ ಕಬ್ಬಿಣದ ದಂಡವನ್ನು ಹಿಂದೆ ಮುಂದೆ ತಳ್ಳುತ್ತದೆ. ದಂಡ ಚಕ್ರವನ್ನು ತಿರುಗಿಸುತ್ತದೆ. ದೋಣಿಯ ಎರಡೂ ಬದಿಗೆ ಒಂದೊಂದು ಚಕ್ರ. ಚಕ್ರದ ತುಂಬ ಹಲಗೆಗಳು. ಹಲಗೆ ನೀರನ್ನು ಹಿಂದಕ್ಕೆ ನೂಕುತ್ತದೆ. ದೋಣಿ ಮುಂದಕ್ಕೆ ಹೋಗುತ್ತದೆ.

ಈ ದೋಣಿಯಲ್ಲಿ ದುಡಿಮೆ ನಸುಕಿಗೆ ಮೊದಲೇ ಶುರು. ಒಲೆ ಹೊತ್ತಿಸಿದರೆ ಉಗಿ ಏಳಲು ತಾಸುಗಟ್ಟಲೆ ಬೇಕು. ಒಬ್ಬರು ಕಲ್ಲಿದ್ದಲು ಹಾಕುವವರು. ಆ ಸೆಕೆಯಲ್ಲಿ ಅವರು ಬೆಂದು ಹೋಗುತ್ತಿದ್ದರು. ಒಬ್ಬರು ಯಂತ್ರ ನೋಡುವವರು. ಒಬ್ಬರು ಚುಕ್ಕಾಣಿ ಹಿಡಿಯುವವರು. ಒಬ್ಬರು ಧಕ್ಕೆಗೆ ಹಗ್ಗ ಕಟ್ಟುವವರು. ದಿನವಿಡೀ ಈ ದಡ, ಆ ದಡ. ಕೊನೆಗೆ ಬೂದಿ ತೆಗೆಯುವ ಕೆಲಸ. ನಮ್ಮ ಒಲೆಯಂತೆಯೇ ಅಲ್ಲವೇ?

ಚಕ್ರದ ದೋಣಿಗೆ ಒಂದು ತೊಂದರೆ ಇತ್ತು. ಜನರೆಲ್ಲ ಒಂದೇ ಬದಿಗೆ ಬಂದರೆ ಆ ಬದಿಯ ಚಕ್ರ ಆಳಕ್ಕೆ ಮುಳುಗುತ್ತಿತ್ತು. ಇನ್ನೊಂದು ಮೇಲೇಳುತ್ತಿತ್ತು. ದೋಣಿ ದಾರಿ ತಪ್ಪುತ್ತಿತ್ತು. ಅದಕ್ಕೇ ಎರಡೂ ಬದಿಗೆ ಭಾರ ಸಮ ಇರಬೇಕಿತ್ತು.

ಮುಂದೆ ನೀರಿನೊಳಗೆ ತಿರುಗುವ ಪಂಖ ಬಂತು. ಚಕ್ರ ಹೋಯಿತು. ಡೀಸೆಲ್ ಬಂತು. ಕಲ್ಲಿದ್ದಲೂ ಹೋಯಿತು. ಆದರೆ ಭಾರದ ಲೆಕ್ಕ ಹೋಗಲಿಲ್ಲ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಬಂದವರ ದೋಣಿ ಮಗುಚಿತು. 15ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು.

ನಾವೂ ಜಾತ್ರೆಗೆ ಹೋಗುತ್ತೇವೆ. ದೋಣಿ ಹತ್ತುತ್ತೇವೆ. ಈಗ ನಮಗೆ ಅಂಕಿ ಓದಲು ಬರುತ್ತದೆ. ಎಷ್ಟು ಜನ ಹತ್ತಬಹುದು ಎಂದು ದೋಣಿಯ ಮೇಲೆ ಬರೆದಿದೆಯೇ? ಓದೋಣ. ಬರೆದಿಲ್ಲವೇ? ಕೇಳೋಣ. ತಲೆ ಎಣಿಸೋಣ. ಹೆಚ್ಚಾದರೆ ಹತ್ತುವುದು ಬೇಡ. ತೇಲುವ ಅಂಗಿ ಕೇಳಿ ಹಾಕಿಕೊಳ್ಳೋಣ. ಮಕ್ಕಳಿಗೂ ಹಾಕೋಣ. ನಡುಹೊಳೆಯಲ್ಲಿ ಏಳುವುದು ಬೇಡ. ಒಂದೇ ಬದಿಗೆ ಸರಿಯುವುದು ಬೇಡ.

ಒಂದು ತಾಸು ತಡವಾದರೆ ಏನಾಯ್ತು? ಮುಂದಿನ ದೋಣಿ ಬರುತ್ತದೆ. ಹೋದ ಜೀವ ಬರುವುದಿಲ್ಲ.

ಉತ್ತರ ಹೇಳಿರಿ:
1. ಆಗಬೋಟು ಯಾವುದರಿಂದ ಓಡುತ್ತಿತ್ತು?
2. ಜನ ಒಂದೇ ಬದಿಗೆ ಬಂದರೆ ಚಕ್ರಗಳಿಗೆ ಏನಾಗುತ್ತಿತ್ತು?
3. 20 ಜನರ ದೋಣಿಯಲ್ಲಿ 17 ಜನ ಕುಳಿತಿದ್ದಾರೆ. ಇನ್ನು ಎಷ್ಟು ಜನ ಹತ್ತಬಹುದು?