ಹಳೇ ಕಂಪ್ಯೂಟರನ್ನು ಮರೆಯದ ಸ್ವಿಚ್

ಆರ್.ಟಿ. ನಗರದಲ್ಲಿ ನಮ್ಮ ಮಾಮು ಅಕೌಂಟ್ಸ್ ಆಫೀಸ್ ನಡೆಸುತ್ತಾರೆ. 20ನೇ ತಾರೀಖು, ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ತಪ್ಪಿದರೆ ಒಂದೊಂದು ರಿಟರ್ನಿಗೂ ದಿನಕ್ಕೆ 50 ರೂಪಾಯಿ ಲೇಟ್ ಫೀ. ಅಂದೇ ಕಂಪ್ಯೂಟರ್ ಕೆಟ್ಟಿತು. ಹೊಸದು ಜೋಡಿಸಿದರೆ ನೆಟ್ ಇಲ್ಲ. ನಾನು ಕೇಬಲ್ ಬದಲಿಸಿದೆ, ಸ್ವಿಚ್ಚನ್ನೂ ಆಫ್ ಮಾಡಿ ಆನ್ ಮಾಡಿದೆ. ಊಹೂಂ.

ನೆಟ್‌ವರ್ಕ್ ನೋಡಿಕೊಳ್ಳುವ ಅಣ್ಣ ಬಂದು ಹೇಳಿದರು: ಇದು ಪೋರ್ಟ್ ಸೆಕ್ಯೂರಿಟಿ. ಸಿಸ್ಕೋ ಸ್ವಿಚ್‌ನಲ್ಲಿ ಇದನ್ನು ಹಾಕಿ ಹಾಗೇ ಬಿಟ್ಟರೆ ಒಂದು ಪೋರ್ಟಿಗೆ ಒಂದೇ ಮ್ಯಾಕ್ ವಿಳಾಸ. ಬೇರೆ ಯಂತ್ರ ಬಂದರೆ ಪೋರ್ಟ್ ಮುಚ್ಚಿಕೊಳ್ಳುತ್ತದೆ. 'ಸ್ಟಿಕಿ' ವಿಳಾಸವನ್ನು ಸೇವ್ ಮಾಡಿದ್ದರೆ ರೀಸ್ಟಾರ್ಟ್‌ಗೂ ಅಳಿಯದು. ಪೆನ್ಸಿಲ್ ಗುರುತಲ್ಲ, ಲೆಡ್ಜರಿಗೇರಿದ ಎಂಟ್ರಿ!

ಪೋರ್ಟನ್ನು 'ಶಟ್‌ಡೌನ್' ಮಾಡಿ, ಹಳೇ ವಿಳಾಸ ಅಳಿಸಿ, 'ನೋ ಶಟ್‌ಡೌನ್' ಕೊಟ್ಟರು. ನೆಟ್ ಬಂತು. ಮಾಮು ರಿಟರ್ನ್ ಹಾಕಲು ಕೂತರು. ಅಣ್ಣ ಮಾತ್ರ ಬದಲಾವಣೆಯನ್ನು ಸೇವ್ ಮಾಡಿಯೇ ಎದ್ದರು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಹಳೇ ವಿಳಾಸವೇ ಮರಳುತ್ತಿತ್ತು.