ಮೂರು ಹೊತ್ತಿನ ಹಾಲು ನೋಡದೆ ಆಕಳಿಗೆ ದುಡ್ಡು ಕೊಡಬೇಡಿ

ಕಲಬುರಗಿ ಜಿಲ್ಲೆಯ ಚಿಮ್ಮನಚೋಡ ಸುತ್ತಿನ ಊರುಗಳಲ್ಲಿ ಮನೆಗೊಂದು ಹಾಲಿನ ಆಕಳು ಬೇಕೆಂದರೆ ದಾರಿ ಎರಡು. ಒಂದು, ದನದ ಸಂತೆ. ಇನ್ನೊಂದು, ಯಾರ ಮೂಲಕವೋ ಸುದ್ದಿ ತಿಳಿದು ಪಕ್ಕದ ಹಳ್ಳಿಗೋ, ಸೇಡಂ, ಚಿತ್ತಾಪುರ ಕಡೆಗೋ ಹೋಗಿ ರೈತನ ಕೊಟ್ಟಿಗೆಯಿಂದಲೇ ನೇರವಾಗಿ ಕೊಳ್ಳುವುದು. ಎರಡನೆಯದೇ ಮೇಲು ಎಂದು ಬಹಳ ಜನ ನಂಬಿದ್ದಾರೆ. ನಂಬಿಕೆ ಸರಿ, ಆದರೆ ಅದಕ್ಕೆ ಅವರು ಕೊಡುವ ಕಾರಣ ಸರಿಯಲ್ಲ. ಮನುಷ್ಯ ಗೊತ್ತಿದ್ದವನು, ನಡುವೆ ದಲಾಲ ಇಲ್ಲ, ಹಾಗಾಗಿ ಮೋಸ ಆಗಲಿಕ್ಕಿಲ್ಲ ಎನ್ನುತ್ತಾರೆ. ಗುರುತಿನವರ ಮಾತಿನಿಂದ ಕೆಚ್ಚಲಲ್ಲಿ ಹಾಲು ಹೆಚ್ಚುವುದಿಲ್ಲ. ಮಾರುವವನ ಕೊಟ್ಟಿಗೆಗೇ ಹೋಗುವುದರ ನಿಜವಾದ ಲಾಭ ಬೇರೆ ಇದೆ. ಅಲ್ಲಿ ಆಕಳನ್ನು ಅದರ ದಿನನಿತ್ಯದ ಜಾಗದಲ್ಲಿ, ದಿನನಿತ್ಯದ ಮೇವಿನ ಮೇಲೆ, ದಿನವೂ ಹಿಂಡುವ ಕೈಯಲ್ಲಿ ಒಂದಿಡೀ ದಿನ ನೋಡಬಹುದು. ಸಂತೆಯಲ್ಲಿ ಇದು ಸಾಧ್ಯವೇ ಇಲ್ಲ. ಆದರೂ ನಮ್ಮಲ್ಲಿ ಬಹುಪಾಲು ಖರೀದಿ ನಡೆಯುವ ರೀತಿ ನೋಡಿ: ಬೆಳಿಗ್ಗೆ ಹೋಗುವುದು, ಕೆಚ್ಚಲು ನೋಡುವುದು, ಚೌಕಾಶಿ ಮಾಡುವುದು, ಮಧ್ಯಾಹ್ನದೊಳಗೆ ಟೆಂಪೋಕ್ಕೆ ಏರಿಸುವುದು. ಸಂತೆಯಲ್ಲಿ ಮಾಡುವುದನ್ನೇ ಮನೆಯಲ್ಲೂ ಮಾಡಿ ಬಂದ ಹಾಗಾಯಿತು. ಒಂದರ ಹಿಂದೊಂದು ಮೂರು ಹೊತ್ತಿನ ಹಾಲು ಹಿಂಡುವುದನ್ನು ಎದುರಿಗೆ ನಿಂತು ನೋಡದೆ ಹಣ ಕೊಡಬಾರದು ಎಂಬುದು ಈ ಲೇಖನದ ವಾದ.

ಮೂರು ಹೊತ್ತು ಯಾಕೆ, ಒಂದು ಹೊತ್ತು ಸಾಲದೆ? ಸಾಲದು. ಹಾಲು ಕೆಚ್ಚಲಲ್ಲಿ ಹಗಲು ರಾತ್ರಿ ಉತ್ಪತ್ತಿಯಾಗಿ ಸಂಗ್ರಹವಾಗುತ್ತಲೇ ಇರುತ್ತದೆ. ನೀವು ಸಂಜೆ ಬರುತ್ತೀರಿ ಎಂದು ಗೊತ್ತಾದ ಮೇಲೆ ಅಂದು ಬೆಳಿಗ್ಗೆ ಹಿಂಡದೆ ಬಿಟ್ಟರೆ, ಇಲ್ಲವೇ ಅರ್ಧ ಹಿಂಡಿ ಬಿಟ್ಟರೆ, ಸಂಜೆಯ ಪಾತ್ರೆಗೆ ಎರಡು ಹೊತ್ತಿನ ಹಾಲು ಬೀಳುತ್ತದೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಮಾರುವವರು ದಿನಕ್ಕೆ ಹತ್ತು ಲೀಟರ್ ಎನ್ನುತ್ತಾರೆ. ಮೊದಲ ಸಂಜೆ ಐದೂವರೆ ಲೀಟರ್ ಬಂತು, ನಿಮಗೆ ಖುಷಿಯಾಯಿತು. ಮರುದಿನ ಬೆಳಿಗ್ಗೆ ಮೂರೂವರೆ, ಸಂಜೆ ಎರಡೂವರೆ. ಆ ಆಕಳ ನಿಜವಾದ ಹಾಲು ದಿನಕ್ಕೆ ಆರು ಲೀಟರ್, ಹತ್ತಲ್ಲ. ನಮ್ಮಲ್ಲಿ ಆಕಳ ಬೆಲೆ ಕಟ್ಟುವುದೇ ಲೀಟರಿಗೆ ಇಷ್ಟು ಸಾವಿರ ಎಂದು. ಹಾಗಾಗಿ ಇಲ್ಲದ ನಾಲ್ಕು ಲೀಟರಿಗೂ ನೀವು ದುಡ್ಡು ಕೊಟ್ಟಿರುತ್ತೀರಿ. ಇದೇ ಕಾರಣಕ್ಕೆ ಮೊದಲ ಹೊತ್ತಿನ ಹಾಲನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಅದು ಕೆಚ್ಚಲು ಬರಿದು ಮಾಡುವುದಕ್ಕೆ ಮಾತ್ರ. ಎರಡನೆಯ ಮತ್ತು ಮೂರನೆಯ ಹೊತ್ತಿನದನ್ನು ಕೂಡಿಸಿದರೆ ಒಂದು ದಿನದ ಹಾಲು ಸಿಗುತ್ತದೆ. ಅಳೆಯಲು ನಿಮ್ಮದೇ ಪಾತ್ರೆ ಒಯ್ಯಿರಿ, ನೊರೆ ಇಳಿದ ಮೇಲೆ ಅಳೆಯಿರಿ. ನೊರೆ ಸಮೇತ ಅಳೆದರೆ ಅರ್ಧ ಲೀಟರ್ ಸುಮ್ಮನೆ ಕೂಡಿಕೊಳ್ಳುತ್ತದೆ. ತೂಕದ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು.

ಹಿಂಡದೆ ಬಿಟ್ಟ ಆಕಳನ್ನು ಕಣ್ಣಿನಿಂದಲೂ ಗುರುತಿಸಬಹುದು. ಕೆಚ್ಚಲು ಬಿಗಿದು ಚರ್ಮ ಹೊಳೆಯುತ್ತಿರುತ್ತದೆ, ಮೊಲೆ ತೊಟ್ಟುಗಳು ಹೊರಮುಖವಾಗಿ ಸೆಟೆದಿರುತ್ತವೆ, ಹಾಲು ತಾನಾಗಿಯೇ ತೊಟ್ಟಿಕ್ಕುತ್ತಿರಬಹುದು. ಆಕಳು ಹಿಂಗಾಲು ಅಗಲಿಸಿ ನಿಂತು ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಭಾರ ಹಾಕುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ಹಿಂಡಿದ ಮೇಲಿನ ಕೆಚ್ಚಲು. ಹಾಲಿನ ಕೆಚ್ಚಲು ಹಿಂಡಿದ ನಂತರ ಇಳಿದು, ಚರ್ಮ ಮಡಿಕೆಬಿದ್ದು ಮೆತ್ತಗಾಗಬೇಕು. ಹಿಂಡಿದ ಮೇಲೂ ಮೊದಲಿನಷ್ಟೇ ದಪ್ಪ ಇದ್ದರೆ ಅದು ಮಾಂಸದ ಕೆಚ್ಚಲು. ದೊಡ್ಡ ಕೆಚ್ಚಲು ಕಂಡು ಬೆಲೆ ಏರಿಸುವವರು ಈ ಒಂದು ಸಂಗತಿ ಗಮನಿಸಿದರೂ ಸಾಕು, ಬಹಳಷ್ಟು ನಷ್ಟ ತಪ್ಪುತ್ತದೆ.

ಎರಡನೆಯ ಹೊತ್ತು ಹಿಂಡುವಾಗ ಪಾತ್ರೆಗಿಂತ ಹೆಚ್ಚಾಗಿ ಕರು ಮತ್ತು ಹಿಂಡುವ ಕೈಯ ಮೇಲೆ ಕಣ್ಣಿರಲಿ. ನಮ್ಮ ಭಾಗದ ದೇವಣಿ ಆಕಳು, ಜವಾರಿ ಆಕಳು ಕರು ಬಂದು ಗುಮ್ಮಿದರೇನೇ ಸೊರೆ ಬಿಡುವುದು ಹೆಚ್ಚು. ಕರು ಅದರದ್ದೇ ಆಗಿದ್ದರೆ ಆಕಳು ಮೂಸಿ ನೆಕ್ಕುತ್ತದೆ. ಬೇರೆಯದಾಗಿದ್ದರೆ ಒದೆಯುತ್ತದೆ, ಇಲ್ಲವೇ ತಲೆಯಿಂದ ತಳ್ಳುತ್ತದೆ. ಕರುವಿಲ್ಲದೆ ಹಿಂಡುತ್ತೇವೆ ಎಂದರೆ, ಹೇಗೆ ಹಿಂಡುತ್ತಾರೆಂದು ನೋಡಲೇಬೇಕು. ಕೆಲವು ಕಡೆ ಹಿಂಡುವ ಮೊದಲು ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟು ಹಾಲು ಇಳಿಸುವ ಕೆಟ್ಟ ರೂಢಿ ಇದೆ. ಆ ರೂಢಿ ಬಿದ್ದ ಆಕಳು ನಿಮ್ಮ ಮನೆಯಲ್ಲಿ ಬರಿ ಕೈಗೆ ಹಾಲು ಕೊಡಲು ಹಟ ಮಾಡುತ್ತದೆ. ಹಾಲು ಹೆಚ್ಚಿಸಲೆಂದು ಆಕಳ ಆರೋಗ್ಯ ಕೆಡಿಸುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧವೂ ಹೌದು. ಒಮ್ಮೆ ನಿಮ್ಮ ಮನೆಯಲ್ಲಿ ಹಿಂಡುವವರೇ, ಬಹಳ ಕಡೆ ಅದು ಮನೆಯ ಹೆಣ್ಣುಮಗಳು, ಕುಳಿತು ಹಿಂಡಲಿ. ಹಾಗಾಗಿ ಆಕಳು ನೋಡಲು ಗಂಡಸರಷ್ಟೇ ಹೋಗುವುದು ತಪ್ಪು. ಮುಂದಿನ ಎಂಟು ಹತ್ತು ತಿಂಗಳು ದಿನಕ್ಕೆರಡು ಬಾರಿ ಆ ಆಕಳ ಪಕ್ಕ ಕೂರುವವರ ಮಾತಿಗೆ ಮೊದಲ ಬೆಲೆ ಇರಬೇಕು.

ನಾಲ್ಕೂ ಮೊಲೆಗಳನ್ನು ಬೇರೆ ಬೇರೆಯಾಗಿ ಹಿಂಡಿ ನೋಡಿ. ಕೆಚ್ಚಲಿನ ನಾಲ್ಕು ಭಾಗಗಳಿಗೂ ಒಳಗೆ ಒಂದಕ್ಕೊಂದು ಸಂಪರ್ಕವಿಲ್ಲ. ಒಂದು ಕೆಟ್ಟರೆ ಇನ್ನೊಂದು ಅದರ ಹಾಲನ್ನು ಹೊರಗೆ ಬಿಡುವುದಿಲ್ಲ. ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಹಾಕಿದರೆ ಗರಣೆ, ಎಳೆ, ನೀರಿನಂಥ ಹಾಲು, ರಕ್ತದ ಛಾಯೆ ಯಾವುದಿದ್ದರೂ ಕಾಣುತ್ತದೆ. ಕಣ್ಣಿಗೆ ಕಾಣದ ಕೆಚ್ಚಲು ಬಾವಿಗೆ ಬಟ್ಟೆ ಒಗೆಯುವ ಪುಡಿಯ ಪರೀಕ್ಷೆ ಇದೆ. ಅರ್ಧ ಲೀಟರ್ ನೀರಿಗೆ ಸುಮಾರು 15 ಗ್ರಾಂ, ಅಂದರೆ ಆರು ಚಹಾ ಚಮಚದಷ್ಟು ಪುಡಿ ಕರಗಿಸಿ, ಪ್ರತಿ ಮೊಲೆಯ ಹಾಲನ್ನೂ ಬೇರೆ ಬೇರೆ ಬಟ್ಟಲಲ್ಲಿ ಹಿಡಿದು ಅಷ್ಟೇ ಪ್ರಮಾಣದ ಪುಡಿನೀರು ಬೆರೆಸಿ ಒಂದು ನಿಮಿಷ ಅಲ್ಲಾಡಿಸಬೇಕು. ಗಟ್ಟಿಯಾಗಿ ಲೋಳೆಯಾದರೆ ಆ ಮೊಲೆಯಲ್ಲಿ ಸೋಂಕಿದೆ ಎಂದು ತಿಳಿಯಬೇಕು. ಈಗತಾನೇ ಈದು ಗಿಣ್ಣದ ಹಾಲು ಕೊಡುತ್ತಿರುವ ಆಕಳಿಗೂ ಹಾಲು ಬತ್ತಿಸುವ ಹಂತದ ಆಕಳಿಗೂ ಈ ಪರೀಕ್ಷೆ ಸರಿಯಾದ ಉತ್ತರ ಕೊಡದು, ಅದು ನೆನಪಿರಲಿ.

ಮೂರು ಹೊತ್ತು ಅಳೆದು ಸಿಕ್ಕ ಅಂಕಿಯನ್ನು ಓದುವುದರಲ್ಲೂ ಎಚ್ಚರ ಬೇಕು. ಮಿಶ್ರತಳಿ ಆಕಳು ಈದ ಆರರಿಂದ ಎಂಟು ವಾರಕ್ಕೆ ಅತಿ ಹೆಚ್ಚು ಹಾಲು ಕೊಟ್ಟು ಆಮೇಲೆ ಇಳಿಯುತ್ತಾ ಹೋಗುತ್ತದೆ. ಆ ಏರುಕಾಲದ ಹಾಲನ್ನು 300 ದಿನಕ್ಕೆ ಗುಣಿಸಬಾರದು, 200ರಿಂದ ಗುಣಿಸಿದರೆ ಇಡೀ ಸೂಲಿನ ಅಂದಾಜು ಸಿಗುತ್ತದೆ. ಅಂದರೆ ಎರಡು ತಿಂಗಳ ಕರುವಿರುವ ಹತ್ತು ಲೀಟರಿನ ಆಕಳು ಸೂಲು ಪೂರ್ತಿ ಸುಮಾರು 2,000 ಲೀಟರ್ ಕೊಟ್ಟೀತು, ಸರಾಸರಿ ದಿನಕ್ಕೆ ಏಳು ಲೀಟರಿಗೂ ಕಡಿಮೆ. ಇದಕ್ಕೆ ಎದುರಾಗಿ, ಆರು ತಿಂಗಳ ಕರುವಿದ್ದು ಇನ್ನೂ ಆರು ಲೀಟರ್ ಕೊಡುವ, ಮೂರು ತಿಂಗಳ ಗಬ್ಬ ಎಂದು ವೈದ್ಯರು ಖಚಿತಪಡಿಸಿದ ಆಕಳು ಎಷ್ಟೋ ಪಾಲು ಮೇಲು. ಆದರೆ ಅಂಥ ಆಕಳ ಕೆಚ್ಚಲು ನೋಡಿ ಯಾರೂ ಹಿಗ್ಗುವುದಿಲ್ಲ, ಹಾಗಾಗಿ ಅದು ಕಡಿಮೆ ಬೆಲೆಗೆ ಸಿಗುವುದುಂಟು.

ಇಲ್ಲೊಂದು ಆಕ್ಷೇಪ ಬರುವುದು ಸಹಜ: ಹಾಲಿನ ಅಳತೆಯನ್ನೇ ಹಿಡಿದು ಕುಳಿತರೆ ದೇವಣಿ ಆಕಳು ಎಂದೂ ಗೆಲ್ಲದಲ್ಲ? ಲಾತೂರ್ ಜಿಲ್ಲೆಯ ದೇವಣಿಯ ಹೆಸರು ಹೊತ್ತು, ಬೀದರ್, ಕಲಬುರಗಿ ಗಡಿಯುದ್ದಕ್ಕೂ ಹರಡಿರುವ ಈ ತಳಿ ಒಂದು ಸೂಲಿಗೆ ಸುಮಾರು 650ರಿಂದ 1,200 ಕೆ.ಜಿ. ಹಾಲು ಕೊಡುತ್ತದೆ. ಲೀಟರ್ ಲೆಕ್ಕದಲ್ಲಿ ಮಿಶ್ರತಳಿಯ ಮುಂದೆ ಅದು ನಿಲ್ಲದು, ನಿಜ. ಆದರೆ ಅಳತೆ ಮಾಡುವುದು ದೊಡ್ಡ ಅಂಕಿ ಹುಡುಕುವುದಕ್ಕಲ್ಲ, ಹೇಳಿದ ಅಂಕಿ ನಿಜವೇ ಎಂದು ತಿಳಿಯುವುದಕ್ಕೆ. ಮೂರು ಲೀಟರ್ ಎಂದು ಹೇಳಿ ಮೂರೇ ಕೊಡುವ ದೇವಣಿ, ಹತ್ತು ಎಂದು ಹೇಳಿ ಆರು ಕೊಡುವ ಮಿಶ್ರತಳಿಗಿಂತ ಒಳ್ಳೆಯ ವ್ಯಾಪಾರ. ಜನವರಿಯಲ್ಲಿ ಅಳೆದ ಹಾಲು ಏಪ್ರಿಲ್ ತಿಂಗಳಿಗೆ ಅನ್ವಯಿಸದು ಎಂಬುದನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಿಶ್ರತಳಿಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ರಕ್ತ ಹೆಚ್ಚಿದಷ್ಟೂ ಆಕಳು ಏದುಸಿರು ಬಿಟ್ಟು, ಮೇವು ಕಡಿಮೆ ಮಾಡಿ, ಹಾಲು ಇಳಿಸುತ್ತದೆ. ಇಲ್ಲೂ ಕೊಟ್ಟಿಗೆಯ ಒಂದು ದಿನ ಉಪಯೋಗಕ್ಕೆ ಬರುತ್ತದೆ. ಮಾರುವವರು ಏನು ತಿನ್ನಿಸುತ್ತಾರೆ ನೋಡಿ. ಬಾವಿ ನೀರಿನ ಹಸಿ ಮೇವು, ಶೇಂಗಾ ಹಿಂಡಿ, ಫ್ಯಾನಿನ ಗಾಳಿಯಲ್ಲಿ ಬಂದ ಹಾಲು, ನಿಮ್ಮ ಮನೆಯ ಜೋಳದ ಕಣಿಕಿ, ತೊಗರಿ ಹೊಟ್ಟಿನ ಮೇಲೆ ಅಷ್ಟೇ ಬರುವುದಿಲ್ಲ. ಒಣಭೂಮಿಯ ತೊಗರಿ ಬೆಳೆಗಾರನ ಮನೆಗೆ, ಮಕ್ಕಳ ಹಾಲು, ಮೊಸರು, ತುಪ್ಪಕ್ಕಾಗಿ ಮಾತ್ರವೇ ಆಕಳು ಬೇಕಿದ್ದರೆ, ನನ್ನ ಆಯ್ಕೆ ದೇವಣಿಯೇ. ಡೇರಿಗೂ ಹಾಲು ಹಾಕಬೇಕು, ನೀರಾವರಿ ಮೇವೂ ಇದೆ ಎನ್ನುವವರ ಲೆಕ್ಕ ಬೇರೆ.

ಎರಡನೆಯ ಆಕ್ಷೇಪ ಸಮಯದ್ದು. ಒಂದು ದಿನದ ಕೂಲಿ ಹೋಗುತ್ತದೆ, ಅಷ್ಟರಲ್ಲಿ ಬೇರೆಯವರು ಬಂದು ಒಯ್ದರೆ? ಆಕಳು ಬಹಳ ರೈತರ ಮನೆಯಲ್ಲಿ ವರ್ಷದ ಅತಿ ದೊಡ್ಡ ನಗದು ಖರ್ಚು. ಅದರ ಮುಂದೆ ಒಂದು ದಿನದ ಕೂಲಿ ಹೆಚ್ಚೇನಲ್ಲ. ಬೇರೆಯವರು ಒಯ್ಯುವ ಭಯವಿದ್ದರೆ ಸಣ್ಣ ಮುಂಗಡ ಕೊಟ್ಟು, ಹೇಳಿದಷ್ಟು ಹಾಲು ಬರದಿದ್ದರೆ ಹಣ ವಾಪಸ್ ಎಂದು ಮಾತಾಡಿಕೊಳ್ಳಿ. ಮೂರನೆಯದು ಮುಲಾಜು. ಬೀಗರ ಕಡೆಯವರು, ಊರ ಹಿರಿಯರು, ಹಾಲು ಅಳೆಯುತ್ತೇವೆ ಎಂದರೆ ಬೇಸರಪಟ್ಟಾರು ಎನ್ನುತ್ತಾರೆ. ಆದರೆ ತಂದ ಮೇಲೆ ಹಾಲು ಕಡಿಮೆ ಬಂದು ಹುಟ್ಟುವ ಮನಸ್ತಾಪ ವರ್ಷಗಟ್ಟಲೆ ಉಳಿಯುತ್ತದೆ. ಎದುರಿಗೇ ಅಳೆದಿದ್ದರೆ ಇಬ್ಬರಿಗೂ ನೆಮ್ಮದಿ. ಸರಿಯಾದ ಆಕಳು ಇಟ್ಟುಕೊಂಡವರು ಅಳತೆಗೆ ಅಂಜುವುದಿಲ್ಲ.

ಬತ್ತಿಸಿದ ಗಬ್ಬದ ಆಕಳಾದರೆ ಹಿಂಡಿ ನೋಡುವಂತಿಲ್ಲ. ಅಂಥದ್ದನ್ನು ಮನೆಯ ಮೊದಲ ಆಕಳಾಗಿ ಕೊಳ್ಳದಿರುವುದೇ ಲೇಸು. ಕೊಳ್ಳಲೇಬೇಕೆಂದರೆ ಹಾಲಿನ ಬೆಲೆ ಕೊಡಬೇಡಿ, ಗಬ್ಬದ ಬೆಲೆ ಕೊಡಿ, ಗಬ್ಬವನ್ನು ಪಶುವೈದ್ಯರ ಕೈಯಿಂದ ಪರೀಕ್ಷಿಸಿಕೊಳ್ಳಿ.

ಹಾಲು ಹೇಳಲಾರದ ಸಂಗತಿಗಳೂ ಇವೆ. ವಯಸ್ಸಿಗೆ ಕೆಳದವಡೆಯ ಮುಂದಿನ ಹಲ್ಲು ನೋಡಬೇಕು. ಎಂಟೂ ಹಲ್ಲು ಮೂಡಿ ಬಾಯಿಗೂಡುವುದು ಸುಮಾರು ನಾಲ್ಕೂವರೆ, ಐದು ವರ್ಷಕ್ಕೆ. ಎರಡನೇ ಸೂಲು ಎನ್ನುವ ಆಕಳ ಹಲ್ಲು ಸವೆದು ಸಂದು ಬಿಟ್ಟಿದ್ದರೆ ಮಾತು ಸುಳ್ಳು. ಕೊಂಬಿನ ಉಂಗುರ ಕೆರೆದು ತೆಗೆಯಬಹುದು, ಹಲ್ಲನ್ನು ಹಾಗೆ ಮರೆಮಾಚುವುದು ಕಷ್ಟ. ಕೊಟ್ಟಿಗೆಗೆ ಶಹಾಬಾದ್ ಫರಸಿ ಹಾಸಿದ್ದರೆ ಆಕಳನ್ನು ಹೊರಗೆ ಮಣ್ಣಿನ ಮೇಲೆ ಇಪ್ಪತ್ತು ಹೆಜ್ಜೆ ನಡೆಸಿ ನೋಡಿ. ನುಣುಪು ಕಲ್ಲಿನ ಮೇಲೆ ಜಾರಿ ಗೊರಸು, ಕೀಲು ಕೆಟ್ಟಿರುವುದು ಕಟ್ಟಿ ನಿಲ್ಲಿಸಿದಾಗ ತಿಳಿಯುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯವಾದದ್ದು ಬ್ರುಸೆಲ್ಲಾ, ಅಂದರೆ ಕಂದು ಹಾಕುವ ರೋಗ. ಐದನೇ ತಿಂಗಳ ನಂತರ ಗರ್ಭಪಾತವಾದ ಆಕಳಲ್ಲಿ ಇದರ ಶಂಕೆ ಹೆಚ್ಚು. ಇದು ಹಸಿ ಹಾಲಿನಿಂದ, ಈದಾಗ ಬೀಳುವ ಕಸದ ಸ್ಪರ್ಶದಿಂದ ಮನುಷ್ಯರಿಗೂ ಹರಡಿ, ಬಂದು ಹೋಗುವ ಜ್ವರ, ಕೀಲು ನೋವು ತರುತ್ತದೆ. ಇದನ್ನು ತಿಳಿಯಲು ರಕ್ತ ಪರೀಕ್ಷೆ ಬೇಕು. ಹಣ ಕೊಡುವ ಮೊದಲೇ ಪಶು ಆಸ್ಪತ್ರೆಯವರಿಂದ ಮಾಡಿಸಿ. ಕಿವಿಯ 12 ಅಂಕಿಯ ಓಲೆಯ ಸಂಖ್ಯೆ ಕೊಟ್ಟರೆ ಕಾಲುಬಾಯಿ ಲಸಿಕೆ, ಕೃತಕ ಗರ್ಭಧಾರಣೆಯ ದಾಖಲೆ ಇದ್ದಲ್ಲಿ ಅವರೇ ತೆಗೆದು ಹೇಳುತ್ತಾರೆ.

ಇಷ್ಟನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಅದೇ ವ್ಯಾಪಾರ ಮಾಡದ ಖಾಸಗಿ ಮಾರಾಟಗಾರನಿಂದ ಕೊಂಡ ವಸ್ತುವಿನ ಗುಣಮಟ್ಟದ ಹೊಣೆ, ಆತ ಮಾತು ಕೊಟ್ಟಿಲ್ಲದಿದ್ದರೆ, ಸಾಮಾನ್ಯವಾಗಿ ಕೊಂಡವನದೇ. ಓಲೆ ಸಂಖ್ಯೆ, ಸೂಲು, ಈದ ದಿನಾಂಕ, ಎರಡು ಹೊತ್ತಿನ ಹಾಲಿನ ಅಳತೆ, ಗಬ್ಬದ ತಿಂಗಳು, ಹಣದ ಮೊತ್ತ ಬರೆದು ಇಬ್ಬರೂ ಸಹಿ ಮಾಡಿ ಇಬ್ಬರು ಸಾಕ್ಷಿ ಹಾಕಿಸಿದರೆ ಮುಂದೆ ಕೇಳಲು ಆಧಾರವಿರುತ್ತದೆ. 2021ರಿಂದ ಜಾರಿಯಲ್ಲಿರುವ ಜಾನುವಾರು ವಧೆ ಪ್ರತಿಬಂಧಕ ಕಾಯಿದೆಯಿಂದಾಗಿ ದಾರಿಯಲ್ಲಿ ವಾಹನ ತಡೆದು ಕೇಳುವುದುಂಟು. ಈ ಕಾಗದ ಮತ್ತು ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಗಡಿ ದಾಟಿ ತರುವುದಾದರೆ ಹೊರಡುವ ಮೊದಲೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಮನೆಗೆ ಬಂದ ಆಕಳನ್ನು ಕನಿಷ್ಠ 21 ದಿನ ಉಳಿದ ದನಗಳಿಂದ ದೂರ ಕಟ್ಟಿ, ನೀರಿನ ತೊಟ್ಟಿಯೂ ಬೇರೆ ಇರಲಿ. ಮಾರುವವರಿಂದ ಒಂದು ವಾರಕ್ಕಾಗುವಷ್ಟು ಅವರದೇ ಹಿಂಡಿ, ಮೇವು ತಂದು ನಿಮ್ಮದರ ಜೊತೆ ದಿನದಿನಕ್ಕೆ ಬೆರೆಸುತ್ತಾ ಬದಲಿಸಿ. ಜಾಗ ಬದಲಾದ ಮೊದಲ ದಿನಗಳಲ್ಲಿ ಹಾಲು ಇಳಿಯುವುದು ಸಹಜ, ಅದಕ್ಕಾಗಿ ಮಾರಿದವರ ಜೊತೆ ಜಗಳಕ್ಕೆ ಹೋಗಬೇಡಿ. ಹತ್ತು ಹದಿನೈದು ದಿನವಾದರೂ ಕಾಗದದಲ್ಲಿ ಬರೆದ ಅಳತೆಯ ಹತ್ತಿರಕ್ಕೆ ಬಾರದಿದ್ದರೆ 1962ಕ್ಕೆ ಕರೆ ಮಾಡಿ ಪಶುವೈದ್ಯರಿಗೆ ತೋರಿಸಿ.