ಬೀಜ-ಗೊಬ್ಬರದ ಮಳಿಗೆಗೆ ಕಂಪ್ಯೂಟರ್ ಲೆಕ್ಕ: ಡೇಟಾಬೇಸ್ ಕಟ್ಟುವ ಕ್ರಮ

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮರುದಿನವೇ ಬೀಜ-ಗೊಬ್ಬರದ ಮಳಿಗೆಯ ಮುಂದೆ ರೈತರು ಸಾಲುಗಟ್ಟುತ್ತಾರೆ. ಆ ಅವಸರದಲ್ಲಿ ಬಿಲ್ಲಿನ ಮೇಲೆ "ರಾಗಿ ಬೀಜ, 2 ಚೀಲ" ಎಂದಷ್ಟೇ ಬರೆದು ಲಾಟ್ ಸಂಖ್ಯೆಯನ್ನು ಬಿಟ್ಟುಬಿಡುವುದುಂಟು. ಹದಿನೈದು ದಿನ ಕಳೆದರೂ ಮೊಳಕೆ ಸರಿಯಾಗಿ ಬಾರದಿದ್ದರೆ ರೈತನಿಗೆ ಉಳಿಯುವ ಮುಖ್ಯ ಆಧಾರ ಆ ಬಿಲ್ಲು. ಯಾವ ಲಾಟಿನ ಬೀಜವೆಂಬುದು ಅದರಲ್ಲಿ ಇಲ್ಲದಿದ್ದರೆ, ತಪ್ಪು ಬೀಜದ್ದೋ, ಹದದ್ದೋ, ಬಿತ್ತಿದ ಆಳದ್ದೋ ಎಂದು ನಿರ್ಧರಿಸುವುದು ಕಷ್ಟವಾಗುತ್ತದೆ. ಪರಿಹಾರ ಕೇಳುವ ದಾರಿಯೂ ಕಿರಿದಾಗುತ್ತದೆ.

ಬೀಜ ಮಾರುವವರು ಕೊಳ್ಳುವವರಿಗೆ ನಗದು ಅಥವಾ ಉದ್ರಿ ಬಿಲ್ಲನ್ನು ಕೊಡಲೇಬೇಕೆಂದು 1983ರ ಬೀಜ ನಿಯಂತ್ರಣ ಆದೇಶವು ವಿಧಿಸುತ್ತದೆ. 2020ರಲ್ಲಿ ಕೇಂದ್ರ ಸರ್ಕಾರವು 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಇಂತಹ ಸಂಸ್ಥೆಗಳೂ ಸಹಕಾರ ಸಂಘಗಳೂ ಸ್ವಂತ ಮಳಿಗೆ ನಡೆಸುತ್ತಿರುವುದರಿಂದ, ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವ ಕ್ರಮವನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಒಳ್ಳೆಯದು.

ಒಂದೇ ಹಾಳೆಯ ಲೆಕ್ಕ ಏಕೆ ಸಾಲದು?

ಹಲವು ಮಳಿಗೆಗಳು ಕಂಪ್ಯೂಟರಿನ ಒಂದೇ ದೊಡ್ಡ ಹಾಳೆಯಲ್ಲಿ ಎಲ್ಲವನ್ನೂ ಬರೆಯುತ್ತವೆ. ಇದರಲ್ಲಿ ಮೂರು ತೊಂದರೆಗಳಿವೆ. ಮೊದಲನೆಯದಾಗಿ, ಒಬ್ಬನೇ ರೈತನ ಹೆಸರು "ರಾಮಣ್ಣ", "ರಾಮಯ್ಯ", "ಕೆ. ರಾಮಣ್ಣ" ಎಂದು ಮೂರು ಬಗೆಯಾಗಿ ಸೇರಿ ಅವನ ಉದ್ರಿ ಮೂರು ಕಡೆ ಹಂಚಿಹೋಗುತ್ತದೆ. ಎರಡನೆಯದಾಗಿ, ಊರು ಅಥವಾ ಫೋನ್ ಸಂಖ್ಯೆ ಬದಲಾದರೆ ನೂರು ಸಾಲುಗಳನ್ನು ತಿದ್ದಬೇಕಾಗುತ್ತದೆ. ಮೂರನೆಯದಾಗಿ, ಯಾರೋ ಕೈತಪ್ಪಿ ಅಳಿಸಿದ ಅಂಕಿಯ ಗುರುತೂ ಉಳಿಯುವುದಿಲ್ಲ.

1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಕ ವಿಜ್ಞಾನಿ ಇದಕ್ಕೊಂದು ಪದ್ಧತಿಯನ್ನು ಮುಂದಿಟ್ಟರು. ಪ್ರತಿಯೊಂದು ವಿಷಯಕ್ಕೂ ಬೇರೆ ಕೋಷ್ಟಕವಿರಬೇಕು, ಕೋಷ್ಟಕಗಳು ಗುರುತು ಸಂಖ್ಯೆಯ ಮೂಲಕ ಒಂದಕ್ಕೊಂದು ಕೂಡಿಕೊಳ್ಳಬೇಕು ಎಂಬುದೇ ಅದರ ತಿರುಳು. ಇಂದು ಅಂಗಡಿ ಲೆಕ್ಕಕ್ಕೆ ಬಳಸುವ ಬಹುತೇಕ ಡೇಟಾಬೇಸ್‌ಗಳು ಈ ತಳಹದಿಯ ಮೇಲೆಯೇ ನಿಂತಿವೆ.

ಬೇಕಾದ ಕೋಷ್ಟಕಗಳು

ಬೀಜ-ಗೊಬ್ಬರದ ಸಣ್ಣ ಮಳಿಗೆಗೆ ಆರು ಕೋಷ್ಟಕಗಳು ಸಾಕು.

1. ರೈತರು: ಗುರುತು ಸಂಖ್ಯೆ, ಹೆಸರು, ತಂದೆಯ ಹೆಸರು, ಊರು, ಫೋನ್.
2. ಸರಕು: ಗುರುತು ಸಂಖ್ಯೆ, ಹೆಸರು, ತಳಿ, ಅಳತೆಯ ಮಾನ, ಈಗಿನ ಬೆಲೆ.
3. ಲಾಟ್: ಯಾವ ಸರಕು, ಚೀಟಿಯ ಮೇಲಿನ ಲಾಟ್ ಸಂಖ್ಯೆ, ಅವಧಿ ಮುಗಿಯುವ ದಿನ, ಬಂದ ದಿನ, ಬಂದ ಪ್ರಮಾಣ, ಕೊಟ್ಟವರು.
4. ಬಿಲ್: ಬಿಲ್ ಸಂಖ್ಯೆ, ದಿನಾಂಕ, ರೈತನ ಗುರುತು ಸಂಖ್ಯೆ.
5. ಬಿಲ್ಲಿನ ಸಾಲುಗಳು: ಯಾವ ಬಿಲ್, ಯಾವ ಲಾಟ್, ಎಷ್ಟು, ಅಂದಿನ ದರ.
6. ಜಮಾ: ರೈತನ ಗುರುತು ಸಂಖ್ಯೆ, ದಿನಾಂಕ, ಕಟ್ಟಿದ ಹಣ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಐದನೆಯ ಕೋಷ್ಟಕ. ಬಿಲ್ಲಿನ ಸಾಲು ಸರಕಿಗೆ ನೇರವಾಗಿ ಅಂಟಿರದೆ ಲಾಟಿಗೆ ಅಂಟಿರಬೇಕು. ಜಿಪಿಯು-28 ರಾಗಿಯ ಎರಡು ಲಾಟ್‌ಗಳು ದಾಸ್ತಾನಿನಲ್ಲಿದ್ದರೆ, ರೈತನಿಗೆ ಹೋದದ್ದು ಯಾವುದೆಂದು ಆಗಲೇ ದಾಖಲಾಗುತ್ತದೆ. ಮುಂದೊಂದು ದಿನ ಒಂದು ಲಾಟಿನ ಬಗ್ಗೆ ದೂರು ಬಂದರೆ, ಆ ಲಾಟ್ ಕೊಂಡ ರೈತರೆಲ್ಲರ ಹೆಸರು, ಊರು, ಫೋನ್ ಸಂಖ್ಯೆಗಳ ಪಟ್ಟಿ ಕ್ಷಣದಲ್ಲಿ ದೊರೆಯುತ್ತದೆ. ಇನ್ನೂ ಬಿತ್ತದಿರುವವರಿಗೆ ಅಂದೇ ತಿಳಿಸಿದರೆ ಒಂದು ಹಂಗಾಮು ಉಳಿಯುತ್ತದೆ. ಕಂಪ್ಯೂಟರ್ ಲೆಕ್ಕದಿಂದ ರೈತನಿಗಾಗುವ ದೊಡ್ಡ ಲಾಭ ಇದೇ.

ಅಂದಿನ ದರವನ್ನು ಸಾಲಿನಲ್ಲಿಯೇ ಬರೆದಿಡುವುದೂ ಅಷ್ಟೇ ಅಗತ್ಯ. ಮೇ ತಿಂಗಳಲ್ಲಿ ಚೀಲಕ್ಕೆ 300 ರೂ. ಇದ್ದ ಬೆಲೆ ಜೂನ್‌ನಲ್ಲಿ 320 ರೂ. ಆಯಿತೆನ್ನೋಣ. ಬಿಲ್ಲು ಸರಕಿನ ಕೋಷ್ಟಕದ ಬೆಲೆಯನ್ನೇ ನೋಡಿಕೊಳ್ಳುವಂತಿದ್ದರೆ, ಮೇ ತಿಂಗಳಲ್ಲಿ ಉದ್ರಿ ಒಯ್ದವನ ಬಾಕಿ ತಾನಾಗಿಯೇ ಏರಿಬಿಡುತ್ತದೆ. ಇಂತಹ ಒಂದು ತಪ್ಪು ಮಳಿಗೆಯ ಮೇಲಿನ ನಂಬಿಕೆಯನ್ನು ಕೆಡಿಸಲು ಸಾಕು.

ದಾಸ್ತಾನು ಮತ್ತು ಬಾಕಿ

ಉಳಿದ ದಾಸ್ತಾನನ್ನು ಕೈಯಿಂದ ಬರೆಯಬಾರದು, ಲೆಕ್ಕದಿಂದ ಪಡೆಯಬೇಕು. ಒಂದು ಲಾಟಿನಲ್ಲಿ 50 ಚೀಲ ಬಂದು, 32 ಮಾರಾಟವಾಗಿ, 2 ವಾಪಸಾದರೆ ಉಳಿದದ್ದು 20. ಗೋದಾಮಿನಲ್ಲಿ ಎಣಿಸಿದಾಗ 19 ಇದ್ದರೆ, ಒಂದು ಚೀಲದ ವ್ಯತ್ಯಾಸ ಅಂದೇ ಗೊತ್ತಾಗುತ್ತದೆ. ಅದೇ ರೀತಿ 4,860 ರೂ. ಬಿಲ್ಲಿಗೆ 2,000 ರೂ. ಜಮಾ ಆಗಿದ್ದರೆ ಬಾಕಿ 2,860 ರೂ. ಹಣವನ್ನು ಸ್ಥೂಲ ದಶಮಾಂಶದಲ್ಲಿಡದೆ, ಪೈಸೆಯ ಪೂರ್ಣ ಸಂಖ್ಯೆಯಲ್ಲಿ ಅಥವಾ ನಿಖರ ದಶಮಾಂಶ ಮಾದರಿಯಲ್ಲಿ ಇಟ್ಟರೆ ಪೈಸೆಗಳ ವ್ಯತ್ಯಾಸ ಬರುವುದಿಲ್ಲ.

ತಪ್ಪಾದ ಬಿಲ್ಲನ್ನು ಅಳಿಸಬಾರದು. ಕಿರ್ದಿ ಪುಸ್ತಕದಲ್ಲಿ ಮಾಡುವಂತೆಯೇ ಅದಕ್ಕೆ ಎದುರು ನಮೂದು ಮಾಡಬೇಕು.

ತಪ್ಪು ಬಾರದಂತೆ ಬೇಲಿ

ಬರೆಯುವವರ ಎಚ್ಚರವನ್ನೇ ನಂಬದೆ ಡೇಟಾಬೇಸ್‌ಗೇ ಕಟ್ಟುಪಾಡು ಹಾಕಬೇಕು. ಲಾಟ್ ಇಲ್ಲದ ಸಾಲನ್ನು ಅದು ಸ್ವೀಕರಿಸಬಾರದು. ದಾಸ್ತಾನಿಗಿಂತ ಹೆಚ್ಚು ಮಾರಾಟವಾಗಬಾರದು. ಅವಧಿ ಮುಗಿದ ಬೀಜ ಅಥವಾ ಕೀಟನಾಶಕಕ್ಕೆ ಬಿಲ್ ಆಗಬಾರದು. ಬಿಲ್ ಮತ್ತು ಅದರ ಸಾಲುಗಳು ಒಟ್ಟಿಗೇ ಉಳಿಯಬೇಕು, ಇಲ್ಲವೇ ಒಂದೂ ಉಳಿಯಬಾರದು. ಹೀಗಿದ್ದರೆ ನಡುವೆ ಕರೆಂಟ್ ಹೋದರೂ ಅರ್ಧ ಬಿಲ್ಲು ದಾಖಲಾಗುವುದಿಲ್ಲ.

ತೆರಿಗೆಯ ದರವನ್ನು ಪ್ರೋಗ್ರಾಮಿನೊಳಗೆ ಹುದುಗಿಸದೆ, ಜಾರಿಯಾದ ದಿನಾಂಕದೊಡನೆ ಪ್ರತ್ಯೇಕ ಕೋಷ್ಟಕದಲ್ಲಿಡಬೇಕು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ, ದರವನ್ನು ಒಳಗೇ ಬರೆದಿದ್ದ ಪ್ರೋಗ್ರಾಮುಗಳನ್ನು ಬಿಚ್ಚಿ ತಿದ್ದಬೇಕಾಯಿತು.

ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ತುಂಬಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ತುಂಬಿದ ಹೆಸರು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಬಹುದು. ಹುಡುಕಲೂ ಅಕಾರಾದಿಯಾಗಿ ಜೋಡಿಸಲೂ ಅದು ಒದಗುವುದಿಲ್ಲ.

ಮೇಜಿನ ಕಂಪ್ಯೂಟರೋ, ವೆಬ್ಬೋ?

ಒಂದೇ ಮಳಿಗೆ, ಒಂದೇ ಕಂಪ್ಯೂಟರ್ ಇದ್ದರೆ ಡೆಸ್ಕ್‌ಟಾಪ್ ಪದ್ಧತಿ ಸೂಕ್ತ. ಇಂಟರ್ನೆಟ್ ಇಲ್ಲದಿದ್ದರೂ ಬಿಲ್ ನಿಲ್ಲುವುದಿಲ್ಲ. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಇದಕ್ಕೆ ಬಳಕೆಯಲ್ಲಿದೆ. ಅದರ ಒಂದು ಕಡತದ ಮಿತಿ 2 ಜಿ.ಬಿ. ಹಣ ಕೊಡದೆ ಬಳಸಬಹುದಾದ ಲಿಬ್ರೆ ಆಫೀಸ್ ಬೇಸ್ ಮತ್ತು 2000ರಲ್ಲಿ ಬಂದ ಎಸ್‌ಕ್ಯೂಲೈಟ್ ಕೂಡ ಸಣ್ಣ ಮಳಿಗೆಗೆ ಸಾಕಾಗುತ್ತವೆ.

ಎರಡು-ಮೂರು ಊರುಗಳಲ್ಲಿ ಶಾಖೆಗಳಿದ್ದರೆ ವೆಬ್ ಪದ್ಧತಿ ಬೇಕಾಗುತ್ತದೆ. ಇದರಲ್ಲಿ ಡೇಟಾಬೇಸ್ ಒಂದು ಸರ್ವರ್‌ನಲ್ಲಿರುತ್ತದೆ, ಶಾಖೆಗಳವರು ಬ್ರೌಸರ್ ಮೂಲಕ ಬಳಸುತ್ತಾರೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಇದಕ್ಕೆ ಹೊಂದುತ್ತವೆ ಮತ್ತು ಎರಡೂ ಉಚಿತವಾಗಿ ದೊರೆಯುತ್ತವೆ. ಸರ್ವರ್ ಬಾಡಿಗೆ ಮಾತ್ರ ನಿರಂತರ ಖರ್ಚು. ಇಂಟರ್ನೆಟ್ ಕಡಿದ ದಿನಕ್ಕೆಂದು ಸಂಖ್ಯೆ ಹಾಕಿದ ಕೈಬಿಲ್ ಪುಸ್ತಕವನ್ನು ಇಟ್ಟುಕೊಂಡಿರಬೇಕು.

ವೆಬ್ಬಿನಲ್ಲಿ ಭದ್ರತೆಗೆ ಹೆಚ್ಚು ಗಮನ ಅಗತ್ಯ. ಬಳಸುವವರು ತುಂಬಿದ ಅಕ್ಷರಗಳನ್ನು ಡೇಟಾಬೇಸ್‌ನ ಆಜ್ಞೆಯೊಳಗೆ ನೇರವಾಗಿ ಹೊಸೆಯಬಾರದು. ಹೊಸೆದರೆ ದುರುದ್ದೇಶದವರು ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ಬರೆದು ಲೆಕ್ಕವನ್ನು ಕದಿಯಬಹುದು, ಅಳಿಸಲೂಬಹುದು. ಆಜ್ಞೆ ಬೇರೆ, ತುಂಬಿದ ಮಾಹಿತಿ ಬೇರೆಯಾಗಿ ಕಳುಹಿಸುವ ಕ್ರಮವನ್ನೇ ಅನುಸರಿಸುವಂತೆ ಪ್ರೋಗ್ರಾಂ ಬರೆಯುವವರಿಗೆ ಹೇಳಬೇಕು. ಪ್ರತಿಯೊಬ್ಬ ಗುಮಾಸ್ತನಿಗೂ ಪ್ರತ್ಯೇಕ ಪಾಸ್‌ವರ್ಡ್ ಇರಲಿ. ರೈತರ ಮಾಹಿತಿಯಲ್ಲಿ ಬೇಕಾದಷ್ಟನ್ನು ಮಾತ್ರ ಕೇಳಬೇಕು. ಕಾರಣವಿಲ್ಲದೆ ಆಧಾರ್ ಸಂಖ್ಯೆಯನ್ನು ಕೂಡಿಡುವುದು ಸಲ್ಲದು.

ಸಹಾಯಧನದ ಗೊಬ್ಬರವನ್ನು ಸರ್ಕಾರ ಗೊತ್ತುಪಡಿಸಿದ ಪಿ.ಓ.ಎಸ್. ಯಂತ್ರದ ಮೂಲಕವೇ ಮಾರಬೇಕು. ಮಳಿಗೆಯ ಸ್ವಂತ ಲೆಕ್ಕ ಅದಕ್ಕೆ ಬದಲಿಯಲ್ಲ.

ನಕಲು ಪ್ರತಿ

ಕಣಜದ ಕಾಳನ್ನೆಲ್ಲ ಬಿತ್ತಿ ಮುಗಿಸುವ ರೈತನಿಲ್ಲ. ಮುಂದಿನ ಬಿತ್ತನೆಗೆ ಬೀಜ ಎತ್ತಿಡುವುದು ರೂಢಿ. ಲೆಕ್ಕಕ್ಕೂ ಅದೇ ಜಾಗ್ರತೆ ಬೇಕು. ಪ್ರತಿ ಸಂಜೆ ಎರಡು ನಕಲು ತೆಗೆದು, ಒಂದನ್ನು ಮಳಿಗೆಯಿಂದ ಹೊರಗೆ ಇಡಬೇಕು. ತಿಂಗಳಿಗೊಮ್ಮೆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಬಾಕಿಯ ಮೊತ್ತ ತಾಳೆಯಾಗುವುದೇ ನೋಡಬೇಕು. ತೆರೆದು ನೋಡದ ನಕಲನ್ನು ನಂಬುವಂತಿಲ್ಲ.

ನೆನಪಿಡಬೇಕಾದ ಅಂಶಗಳು

- ಮೊದಲು ಕಾಗದದ ಮೇಲೆ ಕೋಷ್ಟಕಗಳನ್ನು ಬರೆದು, ಅನಂತರವೇ ಪ್ರೋಗ್ರಾಂ ಮಾಡಿಸಬೇಕು.
- ಒಂದು ಹಂಗಾಮು ಪೂರ್ತಿ ಪುಸ್ತಕದ ಲೆಕ್ಕವನ್ನೂ ಜೊತೆಗೆ ನಡೆಸಿ ತಾಳೆ ನೋಡಬೇಕು.
- ಪ್ರೋಗ್ರಾಂ ಮಾಡಿದವರು ಬಿಟ್ಟುಹೋದರೂ ಮಾಹಿತಿ ಹೊರತೆಗೆಯಲು ಬರುವಂತಿರಬೇಕು. ಇದನ್ನು ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಬೇಕು.
- ಮಳಿಗೆ ಯಾವುದೇ ಇರಲಿ, ಲಾಟ್ ಸಂಖ್ಯೆಯಿಲ್ಲದ ಬೀಜದ ಬಿಲ್ಲನ್ನು ರೈತರು ಒಪ್ಪಬಾರದು. ಬಿಲ್ಲು, ಚೀಲದ ಚೀಟಿ ಮತ್ತು ಒಂದು ಹಿಡಿ ಬೀಜವನ್ನು ಕೊಯ್ಲಿನವರೆಗೂ ಜೋಪಾನ ಮಾಡಬೇಕು.